ಮಿಡ್‌ವೈಫರಿ ಕಲಿಯಲು ಲೈವ್ ಕ್ಲಾಸ್, ದುಡ್ಡಿನ ಆಪ್, ಸೇಫ್ ಡೆಲಿವರಿ ಆಪ್: ಯಾವುದು ಕೈ ಹಿಡಿಯಿತು?

ನರ್ಸಿಂಗ್ ಡಿಪ್ಲೊಮಾ ಜಿಎನ್‌ಎಂನ ಮೂರನೇ ವರ್ಷದ ಮಿಡ್‌ವೈಫರಿಗೆ, ಅಂದರೆ ಹೆರಿಗೆ ಮಾಡಿಸುವ ಪಾಠಕ್ಕೆ, ನಾನು ಈ ಮೂರನ್ನೂ ಬಳಸಿದ್ದೇನೆ. ನನ್ನ ಓಟು ಸೇಫ್ ಡೆಲಿವರಿ ಆಪ್‌ಗೆ. ದುಡ್ಡು ಕೊಟ್ಟು ತೆಗೆದುಕೊಂಡ ಆಪ್ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಅದರ ವರ್ಷದ ಫೀಸು ಹೆಚ್ಚುಕಡಿಮೆ ನನ್ನ ಒಂದು ತಿಂಗಳ ಮೆಸ್ ಬಿಲ್‌ನಷ್ಟು.

ಆ ಆಪ್‌ನಲ್ಲಿ ತೊಂದರೆ ಶುರುವಾದದ್ದು ಪಾರ್ಟೋಗ್ರಾಫ್ ಪಾಠದಲ್ಲಿ. ಹೆರಿಗೆ ಹೇಗೆ ಮುಂದುವರಿಯುತ್ತಿದೆ ಅಂತ ಗುರುತು ಹಾಕುತ್ತಾ ಹೋಗುವ ಚಾರ್ಟ್ ಅದು. ನನ್ನ ಹಾಸ್ಟೆಲ್ ದಾವಣಗೆರೆಯಲ್ಲಿ, ಊರು ಜಗಳೂರು ಕಡೆ. ರಜೆಗೆ ಊರಿಗೆ ಹೋದರೆ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತದೆ. ಸಿಗ್ನಲ್ ಇಳಿದ ಕೂಡಲೇ ವಿಡಿಯೊ ತಾನಾಗಿ ಮಬ್ಬಾಗುತ್ತದೆ. ಬೇರೆ ಪಾಠಗಳಿಗೆ ಪರವಾಗಿಲ್ಲ, ದನಿ ಕೇಳಿದರೆ ಸಾಕು. ಪಾರ್ಟೋಗ್ರಾಫ್ ಹಾಗಲ್ಲ. ಅಲ್ಲಿರುವುದೆಲ್ಲ ಸಣ್ಣ ಸಣ್ಣ ಚೌಕ. ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ ಅನ್ನುವುದಕ್ಕೆ ಗುಣಿಸು ಗುರುತು, ಮಗುವಿನ ಎದೆಬಡಿತಕ್ಕೆ ಚುಕ್ಕೆ. ಹೆರಿಗೆ ನಿಧಾನವಾಗುತ್ತಿದೆ ಅಂತ ಎಚ್ಚರಿಸುವ ಅಲರ್ಟ್ ಗೆರೆ 4 ಸೆಂ.ಮೀ.ನಿಂದ ಶುರು, ಅದರ ಬಲಕ್ಕೆ 4 ಗಂಟೆ ದೂರದಲ್ಲಿ, ಇನ್ನು ಕ್ರಮ ಕೈಗೊಳ್ಳಬೇಕು ಅನ್ನುವ ಆಕ್ಷನ್ ಗೆರೆ. ನನ್ನ ಫೋನಿನಲ್ಲಿ ಈ ಎರಡು ಗೆರೆ ಬೇರೆ ಬೇರೆ ಅಂತ ಗೊತ್ತೇ ಆಗುತ್ತಿರಲಿಲ್ಲ.

ಸರಿ, ನಿಲ್ಲಿಸಿ ಶೀಟ್ ತುಂಬೋಣ ಅಂದುಕೊಂಡೆ. ಸ್ವಲ್ಪ ಹೊತ್ತು ಮುಟ್ಟದೆ ಬಿಟ್ಟರೆ ಪಾಠ ಮತ್ತೆ ಮೊದಲಿನಿಂದ ಶುರು. ಸ್ಕ್ರೀನ್‌ಶಾಟ್ ತೆಗೆದರೆ ಬರೀ ಕಪ್ಪು. ಡೌನ್‌ಲೋಡ್ ಮಾಡಿಟ್ಟುಕೊಳ್ಳಬಹುದು ಅಂತ ಜಾಹೀರಾತಿನಲ್ಲಿತ್ತು, ನಿಜ. ಆದರೆ ಹಾಗೆ ಇಟ್ಟುಕೊಂಡ ಪಾಠ ತೆರೆಯುವುದಕ್ಕೂ ನೆಟ್ ಬೇಕು! ದುಡ್ಡು ವಾಪಸ್ ಕೇಳಿದರೆ ವೈಫೈ ಬಳಸಿ ಅಂದರು. ನಮ್ಮೂರಲ್ಲಿ ವೈಫೈ ಎಲ್ಲಿಂದ ತರಲಿ?

ಇನ್ನೊಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪಾರ್ಟೋಗ್ರಾಫ್‌ನ ಹೊಸ ರೂಪವಾದ ಲೇಬರ್ ಕೇರ್ ಗೈಡ್ ತಂದಿದೆ. ಅದರಲ್ಲಿ ಆಕ್ಟಿವ್ ಫೇಸ್, ಅಂದರೆ ಗರ್ಭಕೋಶದ ಬಾಯಿ ಬೇಗ ಬೇಗ ತೆರೆಯುವ ಹಂತದ, ಲೆಕ್ಕ 5 ಸೆಂ.ಮೀ.ನಿಂದ. ಆ ಎರಡು ಗೆರೆಗಳೂ ಇಲ್ಲ. ಬದಲಿಗೆ ಒಂದೊಂದು ಸೆಂ.ಮೀ.ಗೂ ಬೇರೆ ಬೇರೆ ಸಮಯದ ಮಿತಿ ಇದೆ. ದುಡ್ಡಿನ ಆಪ್ ಹಳೆಯದನ್ನು ಕಲಿಸಲಿ, ಬೇಡ ಅನ್ನುವುದಿಲ್ಲ. ಹೊಸದು ಬಂದಿದೆ ಅಂತ ಒಂದು ಮಾತಾದರೂ ಹೇಳಬೇಕಲ್ವಾ?

ಲೈವ್ ಕ್ಲಾಸ್ ಎಷ್ಟೋ ವಾಸಿ. ಮೇಡಂ ಖಾಲಿ ಶೀಟನ್ನು ಕ್ಯಾಮೆರಾ ಕೆಳಗಿಟ್ಟು ಪೆನ್ಸಿಲ್‌ನಲ್ಲಿ ತುಂಬುತ್ತಾ ಹೋಗುತ್ತಿದ್ದರು. ನಾವೂ ಜೆರಾಕ್ಸ್ ಮಾಡಿಸಿಕೊಂಡ ಶೀಟಿನಲ್ಲಿ ಜೊತೆಜೊತೆಗೆ ತುಂಬುತ್ತಿದ್ದೆವು. ಡೌಟ್ ಬಂದರೆ ಅಲ್ಲೇ ಕೇಳಬಹುದು. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯದಿಲ್ಲ. ಡೇಟಾ ಮಾತ್ರ ಜಾಸ್ತಿ ತಿನ್ನುತ್ತದೆ.

ಸೇಫ್ ಡೆಲಿವರಿ ಆಪ್ ಡೆನ್ಮಾರ್ಕ್‌ನ ಮೆಟರ್ನಿಟಿ ಫೌಂಡೇಶನ್‌ನವರದು. ದುಡ್ಡಿಲ್ಲ. ಹಾಸ್ಟೆಲ್‌ನಲ್ಲಿ ಒಮ್ಮೆ ಇಳಿಸಿಕೊಂಡರೆ ಊರಲ್ಲಿ ನೆಟ್ ಇಲ್ಲದೆಯೂ ಓಡುತ್ತದೆ. ಹೆರಿಗೆ ನಂತರದ ರಕ್ತಸ್ರಾವ, ಒಳಗೇ ಉಳಿದ ಮಾಸು, ಉಸಿರಾಡದ ಮಗು, ಹೀಗೆ ಒಂದೊಂದಕ್ಕೂ ಚಿಕ್ಕ ಅನಿಮೇಷನ್ ವಿಡಿಯೊ. ಸ್ಕಿಲ್ ಲ್ಯಾಬ್‌ನಲ್ಲಿ ಬೊಂಬೆಯ ಪಕ್ಕ ಫೋನ್ ಇಟ್ಟುಕೊಂಡು ನಾನೂ ಗೆಳತಿಯರೂ ಉಸಿರಾಡದ ಮಗುವಿಗೆ ಗಾಳಿ ಕೊಡುವ ಬ್ಯಾಗ್ ಮಾಸ್ಕ್ ಹಿಡಿಯುವುದನ್ನು ಕಲಿತೆವು. ಎದೆ ಏಳುತ್ತಿಲ್ಲ ಅಂದರೆ ವಿಡಿಯೊ ಹಿಂದಕ್ಕೆ ಎಳೆದು, ತಲೆ ಇಟ್ಟ ರೀತಿ ನೋಡಿ, ಮತ್ತೆ ಮಾಡುವುದು. ಲೇಬರ್ ರೂಮಿನಲ್ಲಿ ಬೇಕಾದದ್ದು ಇದೇ. ಅಲ್ಲಿ ಮಗು ಅಳದಿದ್ದರೆ ಮೊದಲ ಒಂದು ನಿಮಿಷದಲ್ಲಿ ಕೈ ಓಡಬೇಕು, ಪುಸ್ತಕ ತೆರೆಯಲು ಆಗುವುದಿಲ್ಲ.

ಇಥಿಯೋಪಿಯಾದಲ್ಲಿ ಹೆರಿಗೆ ಮಾಡಿಸುವವರಿಗೆ ಈ ಆಪ್ ಕೊಟ್ಟು ನೋಡಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ವರ್ಷದ ನಂತರವೂ ಅವರ ಕೈಚಳಕ ಆಪ್ ಇಲ್ಲದವರಿಗಿಂತ ಮೇಲಿತ್ತು. ಶಿಶು ಮರಣ ಕಡಿಮೆಯಾಯಿತು ಅಂತ ಮಾತ್ರ ಖಚಿತವಾಗಿ ತೋರಿಸಲು ಆಗಲಿಲ್ಲ.

ಆದರೆ ಇದು ಸಿಲೆಬಸ್ ನೋಡಿ ಮಾಡಿದ್ದಲ್ಲ. ಅನಾಟಮಿ, ಹತ್ತು ಅಂಕದ ಪ್ರಶ್ನೆಗೆ ಉತ್ತರ, ಇವೆಲ್ಲ ಇಲ್ಲಿ ಸಿಗುವುದಿಲ್ಲ. ಅದಕ್ಕೆ ಲೈಬ್ರರಿ ಪುಸ್ತಕ, ಲೈವ್ ಕ್ಲಾಸ್ ಇವೆ. ನನ್ನ ಹಾಗೆ ಸಣ್ಣ ಪರದೆಯ ಫೋನ್, ದಿನಕ್ಕಿಷ್ಟೇ ಅನ್ನುವ ಡೇಟಾ ಪ್ಯಾಕ್ ಇರುವವರಿಗೆ ಇಷ್ಟು ಸಾಕು.

ಆದರೂ ದುಡ್ಡಿನ ಆಪ್ ಬೇಕೇ ಬೇಕು ಅಂದರೆ, ಫೀಸು ಕಟ್ಟುವ ಮೊದಲು ಪಾರ್ಟೋಗ್ರಾಫ್ ಪಾಠವನ್ನೇ ಸ್ಯಾಂಪಲ್ ಕೇಳಿ. ಅದನ್ನು ನಿಮ್ಮೂರಿನಲ್ಲಿ, ನಿಮ್ಮ ಫೋನಿನಲ್ಲೇ ಹಾಕಿ ನೋಡಿ. ಎರಡು ಗೆರೆ ಬೇರೆ ಬೇರೆಯಾಗಿ ಕಾಣದಿದ್ದರೆ ದುಡ್ಡು ಕೊಡಬೇಡಿ.