ಮೋಲಿಸೆಲ್ ಪಿ42ಎ: ಹೆಚ್ಚು ಕರೆಂಟ್ ಎಳೆಯುವ ಟಾರ್ಚ್‌ಗೆ ನಾನು ನೆಚ್ಚಿಕೊಂಡ ಸೆಲ್

ನನ್ನದು 21700 ಅಳತೆಯ (21 ಮಿ.ಮೀ. ದಪ್ಪ, 70 ಮಿ.ಮೀ. ಉದ್ದ) ಒಂದೇ ಲಿಥಿಯಂ ರೀಚಾರ್ಜ್ ಸೆಲ್ ಹಿಡಿಯುವ, ನಾಲ್ಕು ಎಲ್‌ಇಡಿಯ ಟಾರ್ಚ್. ಟರ್ಬೊಗೆ, ಅಂದರೆ ಅತಿ ಹೆಚ್ಚು ಬೆಳಕಿನ ಮೋಡ್‌ಗೆ, ಹಾಕಿದರೆ ಹತ್ತು ಆಂಪಿಯರ್ ದಾಟಿ ಎಳೆಯುತ್ತದೆ. ಬಹಳ ಕಾಲದಿಂದ ಇದಕ್ಕೆ ಮೋಲಿಸೆಲ್ ಪಿ42ಎ ಹಾಕಿ ಬಳಸುತ್ತಿದ್ದೇನೆ. ಜೊತೆಗೆ ಸ್ಯಾಮ್‌ಸಂಗ್ 50ಇ ಕೂಡ ಇದೆ. ಸಾಮರ್ಥ್ಯ, ಅಂದರೆ ತುಂಬಿಕೊಳ್ಳುವ ಚಾರ್ಜ್, ಪಿ42ಎಯದು 4200 ಎಂಎಎಚ್, 50ಇಯದು 5000. ಸಂಖ್ಯೆ ನೋಡಿದವರು ಎರಡನೆಯದನ್ನೇ ಕೊಳ್ಳುತ್ತಾರೆ. ಟರ್ಬೊ ಬಳಸುವವರಾದರೆ ದಯವಿಟ್ಟು ಹಾಗೆ ಮಾಡಬೇಡಿ.

ಪಿ42ಎ ಸತತವಾಗಿ 45 ಆಂಪಿಯರ್ ಕೊಡಬಲ್ಲದು, 50ಇ ಸುಮಾರು 10. ನನ್ನ ಟಾರ್ಚ್ 45 ಆಂಪಿಯರ್ ಎಂದೂ ಕೇಳುವುದಿಲ್ಲ. ಆದರೂ ಆ ಸಂಖ್ಯೆ ಮುಖ್ಯ, ಏಕೆಂದರೆ ಅಷ್ಟು ಕರೆಂಟ್ ಕೊಡುವ ಸೆಲ್ಲಿನ ಒಳರೋಧ ಕಡಿಮೆ ಇರಲೇಬೇಕು. ಲೆಕ್ಕ ಹಾಕಿ ನೋಡಿ: 30 ಮಿಲಿಓಮ್ ಒಳರೋಧದ ಸೆಲ್ಲಿನಿಂದ 12 ಆಂಪಿಯರ್ ಎಳೆದರೆ 0.36 ವೋಲ್ಟ್ ಸೆಲ್ಲಿನೊಳಗೇ ಕಳೆದುಹೋಗುತ್ತದೆ, ನಾಲ್ಕು ವ್ಯಾಟ್‌ಗೂ ಹೆಚ್ಚು ಬಿಸಿಯಾಗಿ. 15 ಮಿಲಿಓಮ್ ಆದರೆ ಎರಡೂ ಅರ್ಧಕ್ಕರ್ಧ. ಎಲ್‌ಇಡಿಗೆ ಮೂರು ವೋಲ್ಟ್‌ಗಿಂತ ಹೆಚ್ಚು ಬೇಕು, ತುಂಬಿದ ಸೆಲ್ಲಿನಲ್ಲಿ ಇರುವುದೇ 4.2. ವೋಲ್ಟೇಜ್ ಏರಿಸುವ ಬೂಸ್ಟ್ ಸರ್ಕ್ಯೂಟ್ ಇಲ್ಲದ ಟಾರ್ಚ್‌ನಲ್ಲಿ ಆ 0.18 ವೋಲ್ಟ್ ವ್ಯತ್ಯಾಸ ಬೆಳಕಿನಲ್ಲೇ ಕಾಣುತ್ತದೆ. ಸೆಲ್ ಅರ್ಧ ಖಾಲಿಯಾದ ಮೇಲಂತೂ ಚೆನ್ನಾಗಿ ಗೊತ್ತಾಗುತ್ತದೆ: 50ಇ ಹಾಕಿದಾಗ ಟರ್ಬೊ ಒತ್ತಿದರೂ ಹೈ ಮೋಡ್‌ಗಿಂತ ಸ್ವಲ್ಪ ಹೆಚ್ಚು ಅಷ್ಟೇ, ಪಿ42ಎ ಆಗಲೂ ಎದ್ದು ಹೊಡೆಯುತ್ತದೆ. ಚಳಿಯಲ್ಲಿ ಒಳರೋಧ ಇನ್ನೂ ಏರುವುದರಿಂದ ಈ ಅಂತರವೂ ಹಿಗ್ಗುತ್ತದೆ.

ಹಾಗಂತ 50ಇ ಕೆಟ್ಟದ್ದಲ್ಲ. ಒಂದು ಆಂಪಿಯರ್‌ನ ಹದ ಬೆಳಕಿನಲ್ಲಿ ಅದು ಮುಕ್ಕಾಲು ಗಂಟೆಯಷ್ಟು ಹೆಚ್ಚು ಉರಿಯುತ್ತದೆ. ಟರ್ಬೊ ಮುಟ್ಟದೆ ಗಂಟೆಗಟ್ಟಲೆ ನಡೆಯುವವರಿಗೆ ನಾನೇ ಅದನ್ನು ಹೇಳುತ್ತೇನೆ.

ಪಿ42ಎ ಫ್ಲಾಟ್ ಟಾಪ್ ಸೆಲ್, ಅಂದರೆ ಪಾಸಿಟಿವ್ ತುದಿ ಚಪ್ಪಟೆ. ಕರೆಂಟ್ ಮಿತಿ ಮೀರಿದರೆ ಕಡಿದುಹಾಕುವ ಪ್ರೊಟೆಕ್ಷನ್ ಸರ್ಕ್ಯೂಟ್ ಇಲ್ಲ. ಎರಡೂ ಕಡೆ ಸ್ಪ್ರಿಂಗ್ ಇರುವ ನನ್ನ ಟಾರ್ಚ್‌ಗೆ ಸರಿಹೊಂದಿತು. ತಲೆಯ ಕಡೆ ಪ್ಲಾಸ್ಟಿಕ್ ತಡೆ ಇರುವ ಟಾರ್ಚ್‌ಗಳಲ್ಲಿ ಬಟನ್ ಟಾಪ್ (ಉಬ್ಬಿದ ಪಾಸಿಟಿವ್ ತುದಿ) ಇಲ್ಲದಿದ್ದರೆ ಸಂಪರ್ಕವೇ ಆಗದು. ಪ್ರೊಟೆಕ್ಟೆಡ್ ಸೆಲ್ ಹೆಚ್ಚು ಸುರಕ್ಷಿತ ಎಂಬುದು ನಿಜವೇ. ಆದರೆ ಅದರ ಕರೆಂಟ್ ಮಿತಿ ಎಷ್ಟೆಂದು ವಿಚಾರಿಸಿಯೇ ಕೊಳ್ಳಿ. ನಾನು ಮೊದಲು ಬಳಸಿದ ಒಂದು ಪ್ರೊಟೆಕ್ಟೆಡ್ ಸೆಲ್ ಟರ್ಬೊ ಒತ್ತಿದೊಡನೆ ಟ್ರಿಪ್ ಆಗಿ ಪೂರ್ತಿ ಕತ್ತಲು ಮಾಡುತ್ತಿತ್ತು. ಉದ್ದವೂ ಕೆಲವು ಮಿಲಿಮೀಟರ್ ಹೆಚ್ಚಿರುತ್ತದೆ, ಅಳೆದು ನೋಡಬೇಕು.

ಸುರಕ್ಷತೆಯಲ್ಲಿ ನಾನು ಹೆಚ್ಚು ಗಮನ ಕೊಡುವುದು ಹೊದಿಕೆಗೆ. ಸೆಲ್ಲಿನ ಲೋಹದ ಡಬ್ಬಿ ಪೂರ್ತಿ ನೆಗೆಟಿವ್, ಮೇಲ್ತುದಿಯ ಅಂಚಿನವರೆಗೂ. ಪಾಸಿಟಿವ್ ಇರುವುದು ನಡುವಿನ ಬಿಲ್ಲೆಯಷ್ಟೇ, ಎರಡರ ನಡುವೆ ಒಂದು ತೆಳ್ಳನೆಯ ಇನ್ಸುಲೇಟರ್ ಉಂಗುರ. ಹಾಕಿ ತೆಗೆಯುವಾಗ ಅದೇ ಅಂಚಿನಲ್ಲಿ ಪ್ಲಾಸ್ಟಿಕ್ ಹೊದಿಕೆ ಸವೆಯುತ್ತದೆ. ನನ್ನ ಒಂದು ಸೆಲ್ಲಿನಲ್ಲಿ ಉಗುರಂಚಿನಷ್ಟು ಲೋಹ ಕಂಡಿತು. ಹೊಸ ಹೊದಿಕೆ ಹಾಕುವವರೆಗೆ ಅದನ್ನು ಟಾರ್ಚ್‌ಗೆ ಹಾಕಲಿಲ್ಲ. ಇಷ್ಟು ಕರೆಂಟ್ ಕೊಡುವ ಸೆಲ್ ಶಾರ್ಟ್ ಆದರೆ ಕೈ ಸುಡುವುದರಲ್ಲೇ ನಿಲ್ಲುವುದಿಲ್ಲ. ಬಿಡಿ ಸೆಲ್ ಜೇಬಿನಲ್ಲಿಟ್ಟು ಓಡಾಡಲೇಬೇಡಿ, ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ.

ಚಾರ್ಜ್‌ಗೆ ಕಂಪನಿ 4.2 ಆಂಪಿಯರ್ ಹೇಳಿದರೂ ನಾನು ಎರಡರ ಮೇಲೆ ಹೋಗುವುದಿಲ್ಲ. ಸುಮ್ಮನೆ ಇಡುವುದಾದರೆ 3.7 ವೋಲ್ಟ್ ಆಸುಪಾಸಿನಲ್ಲಿ ಬಿಡುತ್ತೇನೆ. ಚಾರ್ಜ್ ಆಗಿ ಸುಮ್ಮನಿದ್ದ ಸೆಲ್ಲಿನ ವೋಲ್ಟೇಜ್ ತಾನಾಗಿ ಇಳಿಯುತ್ತಾ ಹೋದರೆ ಅದನ್ನು ಮತ್ತೆ ಬಳಸಬಾರದು. ಶೂನ್ಯ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಲೂಬಾರದು, ಒಳಗೆ ಲೋಹದ ಲಿಥಿಯಂ ಕಟ್ಟಿಕೊಳ್ಳುತ್ತದೆ.

18650 (18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ) ಸೆಲ್ಲಿನ ಟಾರ್ಚ್ ಇರುವವರಿಗೂ ಲೆಕ್ಕ ಇದೇ. 9900 ಎಂಎಎಚ್ ಎಂದು ಅಚ್ಚು ಹಾಕಿದ 18650 ಕಂಡರೆ ಅದು ಸುಳ್ಳು. ಆ ಗಾತ್ರದಲ್ಲಿ ನಿಜವಾಗಿ ಸಿಗುವುದು 3500ರ ಆಸುಪಾಸು. ಸ್ಯಾಮ್‌ಸಂಗ್ 30ಕ್ಯೂ 3000 ಎಂಎಎಚ್, 15 ಆಂಪಿಯರ್, ನೆಚ್ಚಿಕೊಳ್ಳಬಹುದು.

ಕೊಳ್ಳುವ ಮುನ್ನ ಟಾರ್ಚ್‌ನ ಕೈಪಿಡಿ ನೋಡಿ. ಕರೆಂಟ್ ನಿಯಂತ್ರಣವಿಲ್ಲದೆ ಸೆಲ್ಲಿನಿಂದ ನೇರವಾಗಿ ಎಳೆಯುವ ಕೆಲವು ಟಾರ್ಚ್‌ಗಳಲ್ಲಿ ಸಣ್ಣ ಎಲ್‌ಇಡಿಗಳಿರುತ್ತವೆ. ಪಿ42ಎಯಂಥ ಕಡಿಮೆ ರೋಧದ ಸೆಲ್ ಹಾಕಿದರೆ ಅವು ಸುಟ್ಟೇಹೋಗಬಹುದು. ಅಂಥ ಕಡೆ 50ಇ ಹಾಕುವುದೇ ಸರಿ.