ಕೊಡಗಿನ ಮನೆಗೆ ರೋಬೋಟ್ ವ್ಯಾಕ್ಯೂಮ್: ಕೆಲವು ಮಳೆಗಾಲ ಕಳೆದ ಮೇಲೆ ಬರೆದದ್ದು

ಮನೆಯೊಳಗೆ ತಾನಾಗಿ ಓಡಾಡಿ ಕಸ ಎಳೆದುಕೊಳ್ಳುವ ರೋಬೋಟ್ ವ್ಯಾಕ್ಯೂಮ್ ಕ್ಲೀನರ್ ಬಗ್ಗೆ ಓದಲು ಸಿಗುವ ವಿಮರ್ಶೆಗಳು ಹೆಚ್ಚಾಗಿ ಬೆಂಗಳೂರಿನ ಫ್ಲ್ಯಾಟ್‌ಗಳಿಂದ ಬಂದವು. ಅಲ್ಲಿ ನೆಲವೆಲ್ಲ ಒಂದೇ ಮಟ್ಟ, ಹೊಸ್ತಿಲು ಇದ್ದರೂ ಹೆಸರಿಗಷ್ಟೇ. ವಿರಾಜಪೇಟೆ ಕಡೆ ಕಾಫಿ ತೋಟದ ನಡುವೆ ಇರುವ ನಮ್ಮ ಮನೆ ಹಾಗಲ್ಲ. ಹಳೇ ಭಾಗದಲ್ಲಿ ರೆಡ್ ಆಕ್ಸೈಡ್ ನೆಲ, ದಪ್ಪ ಮರದ ಹೊಸ್ತಿಲು. ಆಮೇಲೆ ಸೇರಿಸಿದ ಹೊಸ ಭಾಗದಲ್ಲಿ ಟೈಲ್ಸ್. ಮನೆಯೊಳಗೆ ಓಡಾಡುವ ಎರಡು ನಾಯಿ. ಜೂನ್ ಬಂತೆಂದರೆ ಸೆಪ್ಟೆಂಬರ್‌ವರೆಗೆ ಮಳೆ, ಮಂಜು, ತೇವ. ಇಂಥ ಮನೆಯಲ್ಲಿ ಈ ಯಂತ್ರ ಹೇಗೆ ಬಾಳುತ್ತದೆ ಅಂತ ನಮ್ಮ ಕಡೆಯವರು ಆಗಾಗ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಗುಡಿಸುವ ಕೆಲಸಕ್ಕೆ ಇದು ನನಗೆ ಪೂರ್ತಿ ಒಪ್ಪಿಗೆ. ಒರೆಸುವ ಕೆಲಸಕ್ಕೆ ನಮ್ಮ ಹವೆಯಲ್ಲಿ ಬೇಡ. ಆರಿಸುವಾಗ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದ ಸಂಖ್ಯೆಗಳನ್ನು ಬದಿಗಿಟ್ಟು, ಮೊದಲು ನಿಮ್ಮ ಮನೆಯ ನೆಲವನ್ನು ಬಗ್ಗಿ ನೋಡಿ.

ನಾವು ಕೊಂಡದ್ದಕ್ಕೆ ಕಾರಣ ಅವ್ವನ ಮಂಡಿನೋವು ಮತ್ತು ಕಾಫಿ ಕೊಯ್ಲು. ನವೆಂಬರ್ ಆಸುಪಾಸಿನಲ್ಲಿ ಅರೇಬಿಕಾ ಶುರುವಾದರೆ, ರೋಬಸ್ಟಾ ಮುಗಿಯುವಾಗ ಮಾರ್ಚ್ ಬರುತ್ತದೆ. ಆ ತಿಂಗಳುಗಳಲ್ಲಿ ಮನೆಕೆಲಸಕ್ಕೆ ಜನ ಸಿಗುವುದಿಲ್ಲ. ಎಲ್ಲರೂ ಕೊಯ್ಲಿಗೆ ಹೋಗುತ್ತಾರೆ, ಹೋಗಬೇಕಾದ್ದೇ, ಅಲ್ಲಿ ಕೂಲಿ ಜಾಸ್ತಿ. ಅದೇ ಸಮಯಕ್ಕೆ ಮನೆಯಲ್ಲಿ ದೂಳೂ ಜಾಸ್ತಿ. ಕಣದಲ್ಲಿ ಕಾಫಿ ಒಣಗಲು ಹಾಕಿದರೆ ಅದನ್ನು ಎಳೆದು ತಿರುವಿದಾಗಲೆಲ್ಲ ಸಿಪ್ಪೆಯ ಪುಡಿ ಕಿಟಕಿಯಿಂದ ಒಳಗೆ ಬರುತ್ತದೆ. ಬೆಳಿಗ್ಗೆ ಗುಡಿಸಿದ ನೆಲದ ಮೇಲೆ ಮಧ್ಯಾಹ್ನ ಕಾಲಿಟ್ಟರೆ ಅಂಗಾಲು ಕಂದು.

ನಮ್ಮದು ಲೈಡಾರ್ (ಲೇಸರ್‌ನಿಂದ ದೂರ ಅಳೆದು ದಾರಿ ಕಂಡುಕೊಳ್ಳುವ ಸಾಧನ) ಇರುವ, ಮಧ್ಯಮ ಬೆಲೆಯ ಯಂತ್ರ. ತಾನಾಗಿ ಕಸ ಖಾಲಿ ಮಾಡಿಕೊಳ್ಳುವ ಡಾಕ್ ಇಲ್ಲ, ಚಾರ್ಜ್ ಆಗಲು ಬಂದು ನಿಲ್ಲುವ ಸಾದಾ ಡಾಕ್ ಮಾತ್ರ. ಆ ಮಾಡೆಲ್ ಈಗ ಬರುವುದು ನಿಂತಿದೆ, ಹಾಗಾಗಿ ಹೆಸರು ಹೇಳಿ ಪ್ರಯೋಜನ ಇಲ್ಲ. ಈ ಯಂತ್ರಗಳಲ್ಲಿ ವರ್ಷಕ್ಕೊಂದು ಹೊಸ ಹೆಸರು ಬರುತ್ತದೆ. ಒಳಗಿನ ಕೆಲಸ ಮಾತ್ರ ಹೆಚ್ಚು ಬದಲಾಗುವುದಿಲ್ಲ, ಆದ್ದರಿಂದ ಅದನ್ನೇ ಹೇಳುತ್ತೇನೆ.

2002ರಲ್ಲಿ ಅಮೆರಿಕದ ಐರೋಬೋಟ್ ಕಂಪನಿ ರೂಂಬಾ ಎಂಬ ರೋಬೋಟ್ ವ್ಯಾಕ್ಯೂಮ್ ಬಿಟ್ಟಾಗ ಅದಕ್ಕೆ ಮನೆಯ ನಕ್ಷೆ ಗೊತ್ತಿರಲಿಲ್ಲ. ಗೋಡೆಗೆ ತಾಗುವುದು, ತಿರುಗುವುದು, ಮತ್ತೆ ಹೊರಡುವುದು. ಕಡಿಮೆ ಬೆಲೆಯ ಕೆಲವು ಯಂತ್ರಗಳು ಈಗಲೂ ಹೆಚ್ಚುಕಡಿಮೆ ಹಾಗೆಯೇ ಓಡುತ್ತವೆ. ಇನ್ನು ಕೆಲವು ಕ್ಯಾಮೆರಾದಿಂದ ದಾರಿ ನೋಡುತ್ತವೆ, ಅವಕ್ಕೆ ಬೆಳಕು ಬೇಕು. ಲೈಡಾರ್ ಇರುವವುಗಳ ಬೆನ್ನ ಮೇಲೆ ಒಂದು ಉಬ್ಬಿದ ಬಿಲ್ಲೆ ಇರುತ್ತದೆ. ಅದರೊಳಗೆ ಲೇಸರ್ ಸುತ್ತುತ್ತಾ ಗೋಡೆ, ಕಂಬ, ಮಂಚದ ಕಾಲು ಎಷ್ಟು ದೂರ ಇವೆ ಎಂದು ಅಳೆಯುತ್ತದೆ. ಕತ್ತಲಾದರೂ ಅದಕ್ಕೆ ತೊಂದರೆ ಇಲ್ಲ. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಮಧ್ಯಾಹ್ನವೇ ಲೈಟ್ ಹಾಕಬೇಕಾದ ಹಳೇ ಮನೆಗಳಿಗೆ ಇದೇ ಸರಿ. ಇದೊಂದರಲ್ಲಿ ಮಾತ್ರ ದುಡ್ಡು ಉಳಿಸಲು ಹೋಗಬೇಡಿ.

ಲೈಡಾರ್‌ಗೆ ಒಂದು ಮಿತಿ ಇದೆ, ಕನ್ನಡಿ. ನಮ್ಮ ಅಲ್ಮೇರಾದ ನಿಲುಗನ್ನಡಿ ನೆಲದವರೆಗೂ ಇದೆ. ಯಂತ್ರ ಅಳೆದು ಫೋನಿನಲ್ಲಿ ತೋರಿಸುವ ಮನೆಯ ಮ್ಯಾಪಿನಲ್ಲಿ ಕನ್ನಡಿಯ ಹಿಂದೆ ಇಲ್ಲದ ಒಂದು ಕೋಣೆ ಮೂಡಿತು. ಮ್ಯಾಪಿನ ಮೇಲೆ ಅಲ್ಲಿ ‘ಹೋಗದ ಗೆರೆ’ (ಯಂತ್ರ ದಾಟದ ಹಾಗೆ ಹಾಕುವ ಗೆರೆ) ಎಳೆದ ಮೇಲೆ ಸರಿಹೋಯಿತು. ಆ ಬಿಲ್ಲೆಯಿಂದಾಗಿ ಎತ್ತರವೂ ಹತ್ತು ಸೆಂಟಿಮೀಟರ್ ಹತ್ತಿರ ಬರುತ್ತದೆ. ಹಳೇ ಬೀಟೆ ಮಂಚದ ಕೆಳಗೆ ಆರಾಮಾಗಿ ಹೋಗಿ ಬರುತ್ತದೆ, ಅಲ್ಲಿ ಪೊರಕೆ ಕೂಡ ಸರಿಯಾಗಿ ತಲುಪುತ್ತಿರಲಿಲ್ಲ. ಹೊಸ ಸೋಫಾದ ಕೆಳಗೆ ಮಾತ್ರ ಸಿಕ್ಕಿಹಾಕಿಕೊಳ್ಳುತ್ತದೆ. ಸ್ಕೇಲ್ ಹಿಡಿದು ಅಳೆದು ನೋಡಿ.

ಈಗ ಹೊಸ್ತಿಲಿನ ವಿಷಯ. ಹೆಚ್ಚಿನ ಯಂತ್ರಗಳು ಸುಮಾರು ಎರಡು ಸೆಂಟಿಮೀಟರ್ ಎತ್ತರ ಹತ್ತುತ್ತವೆ. ತುಂಬಾ ದುಬಾರಿಯ ಕೆಲವು ಹೊಸ ಮಾಡೆಲ್‌ಗಳು ಇನ್ನೂ ಹೆಚ್ಚು ಹತ್ತಬಹುದು. ನಮ್ಮ ಹಳೇ ಮನೆಗಳ ಹೊಸ್ತಿಲು ನಾಲ್ಕು ಇಂಚಿಗೆ ಕಡಿಮೆ ಇರುವುದು ಅಪರೂಪ. ಆಚಾರಿಯನ್ನು ಕರೆದು ಎರಡೂ ಕಡೆ ಇಳಿಜಾರು ಹಲಗೆ ಮಾಡಿಸೋಣ ಎಂದೆ. ಅವ್ವ ಒಪ್ಪಲಿಲ್ಲ. “ಹೊಸ್ತಿಲ ಮೇಲೆ ನಾವೇ ಕಾಲಿಡುವುದಿಲ್ಲ, ಅದು ಯಾಕೆ ಹತ್ತಬೇಕು? ಎತ್ತಿ ಆಚೆ ಇಡು, ಆಯ್ತು” ಎಂದರು. ಅವರ ಮಾತು ಸರಿ. ಈಗ ಹೊಸ ಭಾಗಕ್ಕೆ ಒಂದು ಮ್ಯಾಪ್, ಹಳೇ ಭಾಗಕ್ಕೆ ಇನ್ನೊಂದು. ಎತ್ತಿ ಹಳೇ ಪಡಸಾಲೆಯಲ್ಲಿಟ್ಟು ಬಟನ್ ಒತ್ತಿದರೆ, ಆ ಮಟ್ಟದಲ್ಲಿ ಗುಡಿಸಿ, ಇಟ್ಟ ಜಾಗಕ್ಕೇ ವಾಪಸ್ ಬಂದು ನಿಲ್ಲುತ್ತದೆ. ತೂಕ ಮೂರೂವರೆ ಕಿಲೋ ಆಸುಪಾಸು, ಎತ್ತಲು ಕಷ್ಟವಿಲ್ಲ. ಹಾಗಾಗಿ ಒಂದಕ್ಕಿಂತ ಹೆಚ್ಚು ಮ್ಯಾಪ್ ಉಳಿಸಿಟ್ಟುಕೊಳ್ಳುವ ಮಾಡೆಲ್ ಬೇಕು. ಅಂಗಡಿಯಲ್ಲಿ ಇದನ್ನು ಕೇಳದೆ ಬರಬೇಡಿ.

ನೆಲದ ಬಣ್ಣವೂ ಮುಖ್ಯ. ಮೆಟ್ಟಿಲಿನಿಂದ ಕೆಳಗೆ ಬೀಳದ ಹಾಗೆ ಇದರ ಹೊಟ್ಟೆಯಡಿ ಸೆನ್ಸರ್‌ಗಳು ಇರುತ್ತವೆ. ಅವು ನೆಲಕ್ಕೆ ಇನ್‌ಫ್ರಾರೆಡ್ ಬೆಳಕು ಬಿಟ್ಟು, ವಾಪಸ್ ಬಂದರೆ ನೆಲ ಇದೆ, ಬರದಿದ್ದರೆ ಹಳ್ಳ ಎಂದು ತಿಳಿಯುತ್ತವೆ. ಕಡು ಕಪ್ಪು ಆ ಬೆಳಕನ್ನು ಹೀರಿಬಿಡುತ್ತದೆ. ನಮ್ಮ ಕೆಂಪು ನೆಲಕ್ಕೆ ಸುತ್ತಲೂ ಕಪ್ಪು ಪಟ್ಟಿ ಇದೆ, ಹಳಬರು ಅಂದಕ್ಕೆ ಹಾಕಿಸಿದ್ದು. ಯಂತ್ರ ಅದರ ಹತ್ತಿರ ಹೋಗಿ ಹಿಂಜರಿಯುತ್ತದೆ, ಹಲವು ಸಲ ಅದನ್ನು ದಾಟುವುದೇ ಇಲ್ಲ. ಸೆನ್ಸರ್‌ಗೆ ಬಿಳಿ ಟೇಪ್ ಅಂಟಿಸಿ ಅಂತ ಸಲಹೆ ಕೊಡುವವರಿದ್ದಾರೆ. ಜಗಲಿಯಿಂದ ಅಂಗಳಕ್ಕೆ ಮೆಟ್ಟಿಲಿರುವ ನಮ್ಮಂಥ ಮನೆಯಲ್ಲಿ ಖಂಡಿತ ಬೇಡ. ಆ ಪಟ್ಟಿಯ ಮೇಲೆ ಪೊರಕೆ ಆಡಿಸಿದರೆ ಮುಗಿಯಿತು.

ಮಳೆಗಾಲದ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳಬೇಕು. ಇದು ಒಣ ಕಸಕ್ಕೆ ಮಾಡಿದ ಯಂತ್ರ. ಗಮ್‌ಬೂಟಿನ ಕೆಂಪು ಮಣ್ಣು ಹಸಿಯಾಗಿದ್ದಾಗ ಅದರ ಮೇಲೆ ಬಿಟ್ಟರೆ ಬ್ರಷ್‌ಗೆ ಮೆತ್ತಿ, ಚಕ್ರಕ್ಕೆ ಅಂಟಿ, ಮನೆಯೆಲ್ಲ ಗೆರೆ ಎಳೆಯುತ್ತದೆ. ಜುಲೈನಲ್ಲಿ ನೆಲವೇ ಬೆವರುವ ದಿನಗಳಿವೆ. ಆಗ ದೂಳು ನೆಲಕ್ಕೆ ಅಂಟಿಕೊಂಡಿರುತ್ತದೆ, ಎಷ್ಟು ಎಳೆದರೂ ಮೇಲೇಳುವುದಿಲ್ಲ. ಅಂಥ ದಿನ ಯಂತ್ರಕ್ಕೆ ರಜೆ ಕೊಡುತ್ತೇವೆ. ಬಿಸಿಲು ಸ್ವಲ್ಪ ಬಂದ ದಿನ, ಫ್ಯಾನ್ ಹಾಕಿ ನೆಲ ಆರಿದ ಮೇಲೆ ಬಿಟ್ಟರೆ ಚೆನ್ನಾಗಿ ಮಾಡುತ್ತದೆ.

ಫಿಲ್ಟರ್ ಇನ್ನೊಂದು ತಲೆನೋವು. ತೊಳೆಯಬಹುದಾದ ಫಿಲ್ಟರ್ ಒಂದು ಇಡೀ ದಿನ ಒಣಗಬೇಕು ಅಂತ ಪುಸ್ತಕದಲ್ಲಿ ಬರೆದಿರುತ್ತದೆ. ಬಟ್ಟೆಯೇ ವಾರಗಟ್ಟಲೆ ಒಣಗದ ಊರಿನಲ್ಲಿ ಅದು ಒಂದು ದಿನದಲ್ಲಿ ಹೇಗೆ ಒಣಗುತ್ತದೆ? ಅರ್ಧ ಒಣಗಿದ್ದನ್ನು ಹಾಕಿದರೆ ಮುಗ್ಗುಲು ವಾಸನೆ ಬರುತ್ತದೆ, ದೂಳು ಕೆಸರಾಗಿ ಕೂರುತ್ತದೆ, ಎಳೆಯುವ ಶಕ್ತಿಯೂ ಕುಗ್ಗುತ್ತದೆ. ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ಬಟ್ಟೆಯ ಜೊತೆ ಅದನ್ನೂ ನೇತು ಹಾಕಬೇಡಿ, ಹೊಗೆ ಹಿಡಿಯುತ್ತದೆ. ಮಳೆಗಾಲದಲ್ಲಿ ನಾನು ಫಿಲ್ಟರ್ ತೊಳೆಯುವುದೇ ಇಲ್ಲ. ಒಣ ಬ್ರಷ್‌ನಿಂದ ಕೊಡವಿ, ಎರಡು ಮೂರು ಫಿಲ್ಟರ್‌ಗಳನ್ನು ಸರದಿಯಲ್ಲಿ ಬಳಸುತ್ತೇನೆ. ತೊಳೆಯುವುದೆಲ್ಲ ಬೇಸಿಗೆಗೆ. ಚಾರ್ಜ್ ಆಗುವ ಲೋಹದ ಪಟ್ಟಿಗಳಿಗೂ ತೇವಕ್ಕೆ ಮಬ್ಬು ಹಿಡಿಯುತ್ತದೆ. ಡಾಕ್‌ಗೆ ಬಂದು ನಿಂತರೂ ಚಾರ್ಜ್ ಆಗುತ್ತಿಲ್ಲ ಎಂದರೆ ಮೊದಲು ಒಣ ಬಟ್ಟೆಯಿಂದ ಅವನ್ನು ಉಜ್ಜಿ ನೋಡಿ. ನಮ್ಮಲ್ಲಿ ಬಹಳ ಸಲ ಅಷ್ಟರಲ್ಲೇ ಸರಿಹೋಗಿದೆ.

ಒರೆಸುವ ಬಟ್ಟೆ ಬೇಡ ಎಂದದ್ದೂ ಇದೇ ಕಾರಣಕ್ಕೆ. ಯಂತ್ರದ ಹಿಂದೆ ಒದ್ದೆ ಬಟ್ಟೆ ಸಿಕ್ಕಿಸಿದರೆ ಅದು ನೆಲದ ಮೇಲೆ ಸವರಿಕೊಂಡು ಹೋಗುತ್ತದೆ, ಒತ್ತಿ ಉಜ್ಜುವುದಿಲ್ಲ. ಬೇಸಿಗೆಯಲ್ಲಿ ಟೈಲ್ಸ್ ಮೇಲೆ ಪರವಾಗಿಲ್ಲ. ಮಳೆಗಾಲದಲ್ಲಿ ಆ ಬಟ್ಟೆ ಒಣಗದೆ ನಾರುತ್ತದೆ, ನೆಲಕ್ಕೂ ಅದೇ ವಾಸನೆ. ಬಿಸಿಗಾಳಿಯಲ್ಲಿ ಬಟ್ಟೆ ಒಣಗಿಸಿಕೊಳ್ಳುವ ದೊಡ್ಡ ಡಾಕ್‌ಗಳಿವೆ, ಆದರೆ ಬೆಲೆ ಬೇರೆಯೇ ಮಟ್ಟದ್ದು. ರೆಡ್ ಆಕ್ಸೈಡ್ ನೆಲಕ್ಕೆ ಕೈಯಲ್ಲಿ ಒತ್ತಿ ಒರೆಸಿದಾಗ ಬರುವ ಹೊಳಪು ಯಾವ ಯಂತ್ರದಿಂದಲೂ ಬರುವುದಿಲ್ಲ. ಅವ್ವನಿಗೆ ಆ ಹೊಳಪಿನ ಮೇಲೆ ತುಂಬಾ ಪ್ರೀತಿ, ನನಗೂ.

ಕಸ ತಾನಾಗಿ ಖಾಲಿ ಮಾಡಿಕೊಳ್ಳುವ ಡಾಕ್ ಬಗ್ಗೆ ಜನ ತುಂಬಾ ಕೇಳುತ್ತಾರೆ. ಕಸವನ್ನು ಎರಡೂವರೆ ಮೂರು ಲೀಟರಿನ ಚೀಲಕ್ಕೆ ಎಳೆದುಕೊಂಡು ವಾರಗಟ್ಟಲೆ ಇಟ್ಟುಕೊಳ್ಳುತ್ತದೆ. ಒಣ ಊರಿಗೆ ಒಳ್ಳೆಯದೇ. ನಮ್ಮಲ್ಲಿ ನಾಯಿ ಕೂದಲು, ತಿಂಡಿ ಚೂರು, ತೇವ ಎಲ್ಲ ಸೇರಿ ಅಷ್ಟು ದಿನ ಒಂದೇ ಚೀಲದಲ್ಲಿದ್ದರೆ ಬೂಸ್ಟು ಬರುತ್ತದೆ, ಇರುವೆ ಬರುತ್ತದೆ. ಖಾಲಿ ಮಾಡುವ ಆ ಕೆಲವು ಸೆಕೆಂಡು ಡಾಕ್ ಸಾವಿರ ವ್ಯಾಟ್ ಹತ್ತಿರ ಕರೆಂಟು ಎಳೆಯುವುದೂ ಉಂಟು, ಮನೆಯ ಸಣ್ಣ ಇನ್ವರ್ಟರ್‌ಗೆ ಅದು ಜಾಸ್ತಿ. ಪ್ರತಿದಿನ ಯಂತ್ರದ ಕಸದ ಡಬ್ಬಿ ತೆಗೆದು ತೋಟದ ಗೊಬ್ಬರದ ಗುಂಡಿಗೆ ಕೊಡವುವುದು ಒಂದು ನಿಮಿಷದ ಕೆಲಸ. ಅಂಥ ಡಾಕ್ ಇಲ್ಲದ, ಸಾದಾ ಡಾಕ್‌ನದ್ದನ್ನೇ ತೆಗೆದುಕೊಳ್ಳಿ ಅಂತ ನಾನು ಹೇಳುತ್ತೇನೆ.

ಕರೆಂಟು ಅಂದಾಗ ನೆನಪಾಯಿತು. ಯಂತ್ರ ಅರ್ಧ ಮನೆ ಗುಡಿಸುವಾಗ ಕರೆಂಟು ಹೋದರೂ ಅದು ನಿಲ್ಲುವುದಿಲ್ಲ, ಬ್ಯಾಟರಿ ಇದೆಯಲ್ಲ. ಆದರೆ ಕೊನೆಗೆ ಡಾಕ್ ಕಳಿಸುವ ಸಿಗ್ನಲ್ ಹಿಡಿದುಕೊಂಡೇ ಅದು ಒಳಗೆ ಸೇರಬೇಕು. ಡಾಕ್‌ಗೆ ಕರೆಂಟಿಲ್ಲದಿದ್ದರೆ ಹತ್ತಿರ ಬಂದು ಅಲ್ಲೇ ಸುತ್ತಾಡಿ ನಿಂತುಬಿಡುತ್ತದೆ. ಸಾದಾ ಡಾಕ್ ಎಳೆಯುವುದು ತುಂಬಾ ಕಡಿಮೆ, ಅದನ್ನೂ ವೈಫೈ ರೂಟರನ್ನೂ ಇನ್ವರ್ಟರ್ ಲೈನಿಗೆ ಹಾಕಿದರೆ ಈ ತೊಂದರೆ ಇಲ್ಲ. ಏಪ್ರಿಲ್, ಮೇಯಲ್ಲಿ ಗುಡುಗು ಕೇಳಿದ ಕೂಡಲೇ ಟಿವಿ ಪ್ಲಗ್ ಎಳೆಯುತ್ತೇವಲ್ವಾ, ಇದರದ್ದನ್ನೂ ಎಳೆಯಿರಿ. ಇನ್ನೊಂದು, ಬಹಳಷ್ಟು ಯಂತ್ರಗಳು 2.4 ಗಿಗಾಹರ್ಟ್ಜ್ ವೈಫೈಗೆ ಮಾತ್ರ ಸೇರುತ್ತವೆ. ಫೋನಿನಲ್ಲಿ ಜೋಡಿಸಲು ಆಗುತ್ತಿಲ್ಲ ಎಂದರೆ ಮೊದಲು ಅದನ್ನು ನೋಡಿ.

ಪಾಸ್ಕಲ್ ಲೆಕ್ಕಕ್ಕೆ ಬರೋಣ. ಜಾಹೀರಾತಿನಲ್ಲಿ 2,500, 5,000, 10,000 ಎಂದು ಏರುತ್ತಾ ಹೋಗುವ ಸಂಖ್ಯೆ ಎಳೆಯುವ ಶಕ್ತಿಯದು. ದಪ್ಪ ಕಾರ್ಪೆಟ್‌ಗೆ ಅದು ಬೇಕು. ಟೈಲ್ಸ್, ಆಕ್ಸೈಡ್ ನೆಲಕ್ಕೆ 2,500–4,000 ಧಾರಾಳ ಸಾಕು. ನಮ್ಮದು ಬಹುತೇಕ ದಿನ ಮಧ್ಯಮ ವೇಗದಲ್ಲೇ ಓಡುತ್ತದೆ. ಪೂರ್ತಿ ವೇಗಕ್ಕೆ ಇಟ್ಟರೆ ಸದ್ದು ಜಾಸ್ತಿ, ಬ್ಯಾಟರಿ ಬೇಗ ಖಾಲಿ, ನಾಯಿಗಳಿಗೂ ಇಷ್ಟವಿಲ್ಲ.

ಈಸಲು ಏಳುವ ದಿನಗಳಲ್ಲಿ ಮಾತ್ರ ಈ ಯಂತ್ರಕ್ಕೆ ಮನಸಾರೆ ಕೈಮುಗಿಯಬೇಕು ಅನ್ನಿಸುತ್ತದೆ. ಮೊದಲ ಮಳೆಗಳ ಸಂಜೆ ದೀಪಕ್ಕೆ ಮುತ್ತಿದ ಈಸಲು ಬೆಳಿಗ್ಗೆ ಹೊತ್ತಿಗೆ ರೆಕ್ಕೆ ಉದುರಿಸಿ ಹೋಗಿರುತ್ತದೆ. ಪೊರಕೆ ಹಾಕಿದರೆ ರೆಕ್ಕೆಗಳು ಹಾರಿ ಇನ್ನೊಂದು ಮೂಲೆಗೆ ಹೋಗಿ ಕೂರುತ್ತವೆ. ಯಂತ್ರವನ್ನು ಸದ್ದು ಕಡಿಮೆ ಇರುವ ನಿಧಾನದ ಮೋಡ್‌ಗೆ ಹಾಕಿ ಎರಡು ಸುತ್ತು ಬಿಟ್ಟರೆ ಎಲ್ಲ ಡಬ್ಬಿಯೊಳಗೆ. ವೇಗದ ಮೋಡ್‌ನಲ್ಲಿ ಪಕ್ಕದ ಬ್ರಷ್ ಅವನ್ನು ಚದುರಿಸುತ್ತದೆ.

ನಾಯಿ ಇರುವವರಿಗೆ ಎರಡು ಮಾತು. ಕೂದಲು ದೊಡ್ಡ ಬ್ರಷ್‌ಗೆ ಸುತ್ತಿಕೊಳ್ಳುತ್ತದೆ, ವಾರಕ್ಕೊಮ್ಮೆ ಕತ್ತರಿ ಹಿಡಿದು ಬಿಡಿಸಬೇಕು. ರಬ್ಬರ್ ಪಟ್ಟಿಯ ಬ್ರಷ್ ಇದ್ದರೆ ಕೆಲಸ ಹಗುರ. ಮುಂದಿನ ಪುಟ್ಟ ಚಕ್ರವನ್ನು ಎಳೆದು ತೆಗೆದು ನೋಡಿ, ಅದರ ಅಚ್ಚಿಗೂ ಕೂದಲು ಸುತ್ತಿರುತ್ತದೆ. ಚಕ್ರ ತಿರುಗದೆ ನೆಲಕ್ಕೆ ಗೀರು ಬೀಳುವುದು ಹೀಗೇ. ಇನ್ನು ಮನೆಯೊಳಗೆ ಹೇಲುವ ಮರಿ ಇದ್ದರೆ ಯಾರೂ ಇಲ್ಲದಾಗ ಅಥವಾ ರಾತ್ರಿ ಯಂತ್ರ ಓಡುವ ಹಾಗೆ ಟೈಮ್ ಇಡಲೇಬೇಡಿ. ಆಗುವ ಗಲೀಜನ್ನು ವಿವರಿಸಬೇಕಿಲ್ಲ ತಾನೇ.

ನೆಲದ ಮೇಲೆ ದೀಪ ಇಡುವ ಜಾಗಕ್ಕೆ, ಬಾಗಿಲ ಮುಂದಿನ ರಂಗೋಲಿಗೆ ಹೋಗದ ಗೆರೆ ಮೊದಲ ದಿನವೇ ಎಳೆಯಿರಿ. ಹುತ್ತರಿ ಹಬ್ಬದ ದಿನ ನೆಂಟರು ಸೇರುವಾಗ ಯಂತ್ರವನ್ನು ಪೂರ್ತಿ ಆಫ್ ಮಾಡಿ ಎತ್ತಿಡುವುದು ಇನ್ನೂ ಒಳ್ಳೆಯದು. ಚಾಪೆಯ ಅಂಚಿನ ದಾರ, ಫೋನ್ ಚಾರ್ಜರ್ ವೈರ್ ಇವೆಲ್ಲ ಅದರ ಬಾಯಿಗೆ ಸಿಕ್ಕುತ್ತವೆ. ಮೂಲೆಗಳಲ್ಲಿ ಸ್ವಲ್ಪ ಬಿಡುತ್ತದೆ, ದುಂಡಗಿನ ಯಂತ್ರ ಚೌಕದ ಮೂಲೆಗೆ ಪೂರ್ತಿ ಹೋಗಲು ಆಗದು. ನಮ್ಮ ಮನೆಕೆಲಸಕ್ಕೆ ಬರುವ ಅಕ್ಕ ಮೊದಲ ದಿನವೇ ಅದನ್ನು ಕಂಡುಹಿಡಿದರು. “ಮೂಲೆ ಬಿಡ್ತದೆ ನೋಡಿ. ಮಂಚದಡಿ ಮಾತ್ರ ಚಂದ ಮಾಡ್ತದೆ” ಎಂದರು. ಇಷ್ಟು ವರ್ಷವಾದ ಮೇಲೆ ನನ್ನ ಅಭಿಪ್ರಾಯವೂ ಅದೇ. ಅವರ ಕೆಲಸ ಹೋಗಲಿಲ್ಲ. ದಿನಾ ಸೊಂಟ ಬಗ್ಗಿಸಿ ಗುಡಿಸುವುದು ತಪ್ಪಿತು, ಅಷ್ಟೇ.

ಬಾಳಿಕೆ ಹೇಗೆ? ಬ್ಯಾಟರಿ ಮೊದಲಿನಷ್ಟು ಹೊತ್ತು ಬರದೆ ಒಮ್ಮೆ ಬದಲಿಸಿದೆ. ಪಕ್ಕದ ಬ್ರಷ್‌ನ ಎಳೆಗಳು ಬಾಗಿದರೆ ಬಿಸಿನೀರಿನಲ್ಲಿ ಅದ್ದಿ ತೆಗೆದರೆ ನೆಟ್ಟಗಾಗುತ್ತವೆ, ತೀರಾ ಸವೆದರೆ ಹೊಸದು. ಮೋಟರ್ ಇನ್ನೂ ಗಟ್ಟಿ.

ಬೆಲೆ 15,000ದಿಂದ 30,000 ರೂಪಾಯಿ ಒಳಗೆ ಲೈಡಾರ್ ಇರುವ ಒಳ್ಳೆಯ ಯಂತ್ರ ಸಿಗುತ್ತದೆ. ಅದಕ್ಕಿಂತ ಮೇಲೆ ಕೊಡುವ ಹಣ ಹೆಚ್ಚಾಗಿ ಡಾಕ್‌ಗೆ ಮತ್ತು ಒರೆಸುವ ವ್ಯವಸ್ಥೆಗೆ. ದೊಡ್ಡ ಹೆಸರನ್ನೇ ನಂಬಿ ಕೊಳ್ಳಬೇಡಿ. ರೂಂಬಾ ಮಾಡಿದ ಐರೋಬೋಟ್ ಕಂಪನಿಯೇ 2025ರ ಡಿಸೆಂಬರ್‌ನಲ್ಲಿ ಕೋರ್ಟಿಗೆ ದಿವಾಳಿ ಅರ್ಜಿ ಹಾಕಿತು. ಕಂಪನಿ ಮುಳುಗಿದರೆ ಅದರ ಫೋನ್ ಆ್ಯಪ್ ಕೂಡ ನಿಲ್ಲಬಹುದು. ಹಾಗಾಗಿ ಆ್ಯಪ್ ಇಲ್ಲದಿದ್ದರೂ ಮೈಮೇಲಿನ ಬಟನ್ ಒತ್ತಿದರೆ ಓಡುವಂಥದ್ದು ಇರಲಿ. ಬ್ಯಾಟರಿ, ಬ್ರಷ್, ಫಿಲ್ಟರ್ ಬಿಡಿಯಾಗಿ ಆನ್‌ಲೈನಿನಲ್ಲಿ ಸಿಗುತ್ತವೆಯಾ ಎಂದು ಯಂತ್ರ ಕೊಳ್ಳುವ ಮೊದಲೇ ಹುಡುಕಿ ನೋಡಿ.

ಸರ್ವಿಸ್ ವಿಷಯ ಕೊನೆಗೆ ಉಳಿಯಿತು. ನನ್ನ ಯಂತ್ರದ ಸರ್ವಿಸ್ ಸೆಂಟರ್ ಹತ್ತಿರ ಎಂದರೆ ಮೈಸೂರು. ವಾರಂಟಿ ಇದ್ದಾಗ ಚಕ್ರವೊಂದು ಕೈಕೊಟ್ಟಿತು. ಮನೆಗೇ ಬಂದು ಒಯ್ಯುತ್ತೇವೆ ಎಂದವರು, ಪಿನ್‌ಕೋಡ್ ಕೇಳಿದ ಮೇಲೆ ನಿಮ್ಮ ಕಡೆ ಆ ಸೌಲಭ್ಯ ಇಲ್ಲ ಎಂದರು. ಕೊನೆಗೆ ನನ್ನ ತಮ್ಮ ಅದನ್ನು ಬಸ್ಸಿನಲ್ಲಿ ಹೊತ್ತುಕೊಂಡು ಹೋಗಿ ಕೊಟ್ಟು ಬಂದ. ನೀವು ಕೊಳ್ಳುವ ಮೊದಲೇ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ನಿಮ್ಮ ಪಿನ್‌ಕೋಡ್ ಹೇಳಿ, ಅಲ್ಲಿಗೆ ಬಂದು ಒಯ್ಯುತ್ತೀರಾ ಎಂದು ಕೇಳಿ. ಹೌದು ಎಂದರೆ ಅದನ್ನೇ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಯಂತ್ರ ಬಂದ ಖಾಲಿ ಡಬ್ಬಿ, ಥರ್ಮೊಕೋಲ್ ಸಮೇತ, ಅಟ್ಟದ ಮೇಲೆ ಇರಲಿ. ಕಳಿಸುವ ದಿನ ಬಂದರೆ ಅದೇ ಬೇಕಾಗುತ್ತದೆ.