ಏರ್‌ಬ್ಯಾಗ್ ಲೈಟ್ ರಿಪೇರಿ: 36,000ದ ಅಂದಾಜು, 800ರ ಮೋಸ, ಒಂದು ದರಿದ್ರ ಸೀಟ್ ಕವರ್

ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ಇದನ್ನು ಓದಲು ಬಂದವರಲ್ಲಿ ಹೆಚ್ಚಿನವರು ಅದಕ್ಕೇ ಬಂದಿರುತ್ತೀರಿ. ಕಂಪನಿಯ ಸರ್ವಿಸ್ ಸೆಂಟರ್ ಕೊಟ್ಟ ಅಂದಾಜು 36,000 ರೂಪಾಯಿ. ಕೊನೆಗೆ ರಿಪೇರಿ ಆಗಿದ್ದು 4,100ಕ್ಕೆ. ನಡುವೆ ಒಬ್ಬ 800 ರೂಪಾಯಿಗೇ ಲೈಟ್ ಆರಿಸಿಕೊಡುತ್ತೇನೆ ಅಂದ. ಮೂರರಲ್ಲಿ ನನಗೆ ಈಗಲೂ ಸಿಟ್ಟು ಬರುವುದು ಆ 800ರ ಮೇಲೆ. ಅದರ ಕತೆ ಆಮೇಲೆ.

ಗಾಡಿ 2017ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಟಾಪ್ ಮಾಡೆಲ್, ಸೆಕೆಂಡ್ ಹ್ಯಾಂಡ್. ಮೈಲೇಜು, ಡಿಕ್ಕಿ ಎಷ್ಟು ದೊಡ್ಡದು, ಇವೆಲ್ಲ ಬೇಕಾದಷ್ಟು ಕಡೆ ಸಿಗುತ್ತವೆ, ಬಿಡಿ. ನಾನು ಹಟ ಹಿಡಿದು ಟಾಪ್ ಮಾಡೆಲ್ಲೇ ಹುಡುಕಿದ್ದು ಮುಂದಿನ ಎರಡು ಸೀಟಿನ ಬದಿಯಲ್ಲಿ ಬರುವ ಸೈಡ್ ಏರ್‌ಬ್ಯಾಗಿಗಾಗಿ. ಈ ಗಾಡಿ ತಯಾರಾದಾಗ ನಮ್ಮಲ್ಲಿ ಡ್ರೈವರ್ ಏರ್‌ಬ್ಯಾಗೂ ಕಡ್ಡಾಯ ಇರಲಿಲ್ಲ. ಅದು ಕಡ್ಡಾಯ ಆಗಿದ್ದು 2019ರ ಜುಲೈಯಿಂದ. ಪಕ್ಕದ ಸೀಟಿನದು 2021ರಲ್ಲಿ ಹೊಸ ಮಾಡೆಲ್‌ಗಳಿಂದ ಶುರುವಾಯಿತು. ನನ್ನ ಹೆಂಡತಿ ಭದ್ರಾವತಿಯಲ್ಲಿ ಟೀಚರ್. ದಿನಾ ಬೆಳಗ್ಗೆ ಶಿವಮೊಗ್ಗದಿಂದ ಲಾರಿ, ಬಸ್ಸುಗಳ ಜೊತೆ ಆ ಹೈವೇಯಲ್ಲಿ ಹೋಗಿಬರುತ್ತಾಳೆ. ಹಾಗಾಗಿ ಸನ್‌ರೂಫ್ ಇಲ್ಲದಿದ್ದರೂ ಪರವಾಗಿಲ್ಲ, ಏರ್‌ಬ್ಯಾಗ್ ಮಾತ್ರ ಬೇಕು ಅಂತ ನಿರ್ಧಾರ ಮಾಡಿದ್ದೆವು.

ಗಾಡಿಯ ಜೊತೆ ಹಳೆಯ ಮಾಲೀಕರು ಹಾಕಿಸಿದ್ದ ಸೀಟ್ ಕವರೂ ಬಂತು. ಕಂದು ಬಣ್ಣ, ಲೆದರ್ ಥರ, ನಡುವೆ ವಜ್ರದಾಕಾರದ ಹೊಲಿಗೆ. ನೋಡಲು ಏನೋ ರಾಜಗಾಂಭೀರ್ಯ. ಬೇಸಿಗೆಯಲ್ಲಿ ಕೂತರೆ ಮಾತ್ರ ಬೆನ್ನು ಬೇಯುತ್ತದೆ. ಈ ಕವರನ್ನು ನೆನಪಿಟ್ಟುಕೊಳ್ಳಿ.

ಲೈಟ್ ಹೇಗೆ ಬರಬೇಕು ಅನ್ನುವುದನ್ನು ಸ್ವಲ್ಪ ಹೇಳುತ್ತೇನೆ, ಯಾಕಂದರೆ ಗೊತ್ತಿಲ್ಲದವರು ತುಂಬ ಜನ. ಕೀ ಆನ್ ಮಾಡಿದಾಗ ಮೀಟರಿನಲ್ಲಿ ಕೆಂಪು ಏರ್‌ಬ್ಯಾಗ್ ಚಿತ್ರ ಹೊತ್ತಿಕೊಳ್ಳಬೇಕು. ಐದಾರು ಸೆಕೆಂಡ್ ಆದ ಮೇಲೆ ತಾನಾಗಿ ಆರಬೇಕು. ಅಷ್ಟು ಹೊತ್ತಿನಲ್ಲಿ ಅದರ ಕಂಟ್ರೋಲ್ ಯೂನಿಟ್ ಎಲ್ಲ ಏರ್‌ಬ್ಯಾಗು, ಸೀಟ್ ಬೆಲ್ಟ್ ಬಿಗಿಯುವ ಪ್ರಿಟೆನ್ಷನರು, ಸೆನ್ಸರು, ವೈರು ಎಲ್ಲ ನೆಟ್ಟಗಿವೆಯಾ ಅಂತ ನೋಡಿಕೊಳ್ಳುತ್ತದೆ. ಆರಲಿಲ್ಲ ಅಂದರೆ ಎಲ್ಲೋ ತೊಂದರೆ ಇದೆ, ಅಪಘಾತ ಆದಾಗ ಏರ್‌ಬ್ಯಾಗ್ ಬಿಚ್ಚದೇ ಇರಬಹುದು ಅಂತ ಅರ್ಥ. ಗಾಡಿ ಮಾತ್ರ ಎಂದಿನಂತೆ ಓಡುತ್ತದೆ. ಪಿಕಪ್ ಕಡಿಮೆ ಆಗಲ್ಲ, ಸದ್ದು ಬರಲ್ಲ. ಅದಕ್ಕೇ ಜನ ಇದನ್ನು ವರ್ಷಗಟ್ಟಲೆ ಹಾಗೇ ಬಿಟ್ಟಿರುತ್ತಾರೆ.

ನಮ್ಮದರಲ್ಲಿ ಒಂದು ಸಂಜೆ ಲೈಟ್ ಆರಲಿಲ್ಲ. ಸರ್ವಿಸ್ ಸೆಂಟರಿಗೆ ಒಯ್ದೆವು. ಸ್ಕ್ಯಾನರ್ ಹಾಕಿ, ಡ್ರೈವರ್ ಬದಿಯ ಸೈಡ್ ಏರ್‌ಬ್ಯಾಗ್ ಸರ್ಕ್ಯೂಟಿನಲ್ಲಿ ರೆಸಿಸ್ಟೆನ್ಸ್, ಅಂದರೆ ಕರೆಂಟ್ ಹರಿಯಲು ಇರುವ ಅಡ್ಡಿ, ಜಾಸ್ತಿ ಅಂತ ಕೋಡ್ ತೋರಿಸಿದರು. ಕೋಡ್ ಅಳಿಸಿದರು, ಲೈಟ್ ಹೋಯಿತು, ಸ್ಕ್ಯಾನಿಂಗ್‌ಗೆ 750 ರೂಪಾಯಿ ಮತ್ತು ಜಿಎಸ್‌ಟಿ. ಕೆಲವು ದಿನ ಚೆನ್ನಾಗಿತ್ತು. ಆಮೇಲೆ ಮತ್ತೆ ಬಂತು. ಮತ್ತೆ ಹೋದರೆ ಅಡ್ವೈಸರ್ ಕಂಪ್ಯೂಟರಿನಿಂದ ಕಣ್ಣೆತ್ತದೆ ಅಂದರು, "ಸರ್, ಸೀಟಿನ ಏರ್‌ಬ್ಯಾಗೇ ಚೇಂಜ್ ಮಾಡ್ಬೇಕು. ಅದರಲ್ಲಿ ಹೋಗ್ಲಿಲ್ಲ ಅಂದ್ರೆ ಫ್ಲೋರ್ ಹಾರ್ನೆಸ್, ಅಂದ್ರೆ ಗಾಡಿ ನೆಲದ ವೈರಿಂಗ್ ಕಟ್ಟು, ಚೇಂಜ್ ಮಾಡೋಣ."

ಹೋಗ್ಲಿಲ್ಲ ಅಂದ್ರೆ! ಇದು ನನ್ನ ತಲೆಯಲ್ಲೇ ಕೂತುಬಿಟ್ಟಿತು. 36,000 ರೂಪಾಯಿ ಕೊಡುವವನು ನಾನು, ಅದು ಹೋಗುತ್ತದೋ ಇಲ್ಲವೋ ಅನ್ನುವುದು ದೈವೇಚ್ಛೆ. ಸೀಟಿನ ಕೆಳಗೆ ಯಾರಾದರೂ ನೋಡಿದ್ದೀರಾ ಅಂತ ಕೇಳಿದೆ. "ಸ್ಕ್ಯಾನರ್‌ನಲ್ಲಿ ಬಂದಿದೆಯಲ್ಲ ಸರ್" ಅಂದರು. ಅವರ ಎಸಿ ಲೌಂಜು, ಕಾಫಿ ಮಿಷನ್ನು, ಗಾಡಿ ತೊಳೆದುಕೊಡುವ ರೀತಿ ಎಲ್ಲ ಚೆನ್ನಾಗಿಯೇ ಇದೆ. ಆಯಿಲ್ ಬದಲಿಸಲು ಈಗಲೂ ಅಲ್ಲಿಗೇ ಹೋಗುತ್ತೇನೆ. ಆದರೆ ಸ್ಕ್ಯಾನರ್ ಹೇಳುವುದು ಯಾವ ಸರ್ಕ್ಯೂಟಿನಲ್ಲಿ ತೊಂದರೆ ಅಂತ ಮಾತ್ರ. ಏರ್‌ಬ್ಯಾಗ್ ಕೆಟ್ಟಿದೆಯೋ, ವೈರ್ ಮುರಿದಿದೆಯೋ, ಕನೆಕ್ಟರ್ ಸಡಿಲ ಆಗಿದೆಯೋ, ಅದನ್ನು ಬಗ್ಗಿ ನೋಡಬೇಕು.

ಈಗ 800 ರೂಪಾಯಿಯವನ ವಿಷಯ. ಸ್ಟೀರಿಯೋ, ಕ್ಯಾಮೆರಾ ಹಾಕುವ ಅಂಗಡಿಯವನು. "ಸುಮ್ನೆ ಯಾಕೆ ಸರ್ ಅಷ್ಟು ದುಡ್ಡು, ಒಂದು ಚಿಕ್ಕ ರೆಸಿಸ್ಟರ್ ಹಾಕಿದ್ರೆ ಲೈಟ್ ಬರೋದೇ ಇಲ್ಲ" ಅಂದ. ಅವನು ಹೇಳಿದ್ದು ನಿಜವೇ. ಏರ್‌ಬ್ಯಾಗ್ ಸಿಡಿಸುವ ಸಣ್ಣ ಇಗ್ನೈಟರಿನ ರೆಸಿಸ್ಟೆನ್ಸ್ ಸುಮಾರು 2 ಓಮ್ ಇರುತ್ತದೆ. ಅದರ ಜಾಗದಲ್ಲಿ ಅಷ್ಟೇ ಓಮಿನ ರೆಸಿಸ್ಟರ್ ಸಿಕ್ಕಿಸಿದರೆ ಕಂಟ್ರೋಲ್ ಯೂನಿಟ್ ಎಲ್ಲ ಸರಿ ಇದೆ ಅಂದುಕೊಳ್ಳುತ್ತದೆ. ಲೈಟ್ ಆರುತ್ತದೆ, ಏರ್‌ಬ್ಯಾಗೂ ಇರುವುದಿಲ್ಲ. ಲಾರಿ ಬಂದು ಬದಿಗೆ ಗುದ್ದಿದಾಗ ರೆಸಿಸ್ಟರ್ ಬಿಸಿಯಾಗುತ್ತದೆ, ಅಷ್ಟೇ. ಹೆಂಡತಿ ಓಡಿಸುವ ಗಾಡಿಗೆ ಇಂಥದ್ದನ್ನು ನಗುನಗುತ್ತಾ ಹೇಳಿದನಲ್ಲ ಅಂತ ನನಗೆ ಮೈ ಉರಿಯಿತು. ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋಗುವವರು ಇದನ್ನು ಗಮನಿಸಿ: ಕೀ ಆನ್ ಮಾಡಿದಾಗ ಏರ್‌ಬ್ಯಾಗ್ ಲೈಟ್ ಹೊತ್ತಿಕೊಳ್ಳಲೇ ಇಲ್ಲ ಅಂದರೆ ಅನುಮಾನ ಪಡಿ. ಮೀಟರಿನ ಬಲ್ಬನ್ನೇ ಕಿತ್ತಿರಬಹುದು. ಹೊತ್ತಿ ಆರಿದರೂ ರೆಸಿಸ್ಟರ್ ಕತೆ ಗೊತ್ತಾಗಲ್ಲ. ಹಾಗಾಗಿ ಗಾಡಿಗೆ ಹಿಂದೆ ದೊಡ್ಡ ಅಪಘಾತ ಆಗಿತ್ತಾ ಅನ್ನುವುದನ್ನೂ ವಿಚಾರಿಸಿ.

ಇಷ್ಟೆಲ್ಲ ಆದ ಮೇಲೆ ಸಹೋದ್ಯೋಗಿಯೊಬ್ಬರು ಸಾಗರ ರಸ್ತೆ ಕಡೆಯ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಕಳಿಸಿದರು. ಎಲ್ಲರೂ ಅವರನ್ನು ಭಾಯಿ ಅಂತಲೇ ಕರೆಯುವುದು. ಬೋರ್ಡ್ ಮಾಸಿದೆ, ಕೂರಲು ಹಳೆಯ ಓಮ್ನಿಯ ಸೀಟು. ನಾನು ಕೋಡು, ಓಮು ಅಂತೆಲ್ಲ ವಿವರಿಸಲು ಶುರು ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಈ ಗಾಡಿ ಎಷ್ಟು ಜನ ಓಡಿಸ್ತಾರೆ ಸರ್?"

ನಾನು ಮತ್ತು ಹೆಂಡತಿ ಅಂದೆ. "ಮೇಡಂ ಎತ್ತರ?" ಅಂದರು. ನಾನು ಆರಡಿ, ಅವಳು ಐದಡಿ. ದಿನಾ ಬೆಳಗ್ಗೆ ಅವಳು ಸೀಟನ್ನು ಪೂರ್ತಿ ಮುಂದೆ ಎಳೆದುಕೊಳ್ಳುತ್ತಾಳೆ, ಸಂಜೆ ನಾನು ಪೂರ್ತಿ ಹಿಂದೆ ತಳ್ಳುತ್ತೇನೆ. ನಮ್ಮ ಸಂಸಾರದಲ್ಲಿ ಇದರಷ್ಟು ನಿಯಮಿತವಾಗಿ ನಡೆಯುವ ಕೆಲಸ ಇನ್ನೊಂದಿಲ್ಲ. ಭಾಯಿ ತಮ್ಮ ಸ್ಕ್ಯಾನರ್ ಹಾಕಿ ಆ ಏರ್‌ಬ್ಯಾಗಿನ ರೆಸಿಸ್ಟೆನ್ಸ್ ತೋರಿಸುವ ಪುಟ ತೆಗೆದರು. ಸೀಟ್ ಹಿಂದಿದ್ದಾಗ ಅಂಕಿ 2ರ ಆಸುಪಾಸು. ಕೊನೆಯ ಹಲ್ಲಿನವರೆಗೆ ಮುಂದೆ ತಳ್ಳಿದರೆ ಅಂಕಿ ಕುಣಿಯತೊಡಗಿತು. ಹಿಂದೆ ತಂದರೆ ಸುಮ್ಮನಾಯಿತು. ಸರ್ವಿಸ್ ಸೆಂಟರಿನಲ್ಲಿ ಇದನ್ನು ನೋಡಲು ಎರಡು ನಿಮಿಷ ಯಾರಿಗೂ ಸಿಕ್ಕಿರಲಿಲ್ಲ.

ಆಮೇಲೆ ಅವರು ಬ್ಯಾಟರಿಯ ನೆಗೆಟಿವ್ ಕಳಚಿ, ಚಹಾ ಕುಡಿಯೋಣ ಬನ್ನಿ ಅಂತ ಎದ್ದರು. ಕೆಲಸ ಬಿಟ್ಟು ಚಹಾನಾ ಅಂದುಕೊಂಡೆ. ಆ ಚಹಾ ಕೂಡ ಕೆಲಸದ್ದೇ ಭಾಗ. ಅಪಘಾತದಲ್ಲಿ ಬ್ಯಾಟರಿಯ ಸಂಪರ್ಕ ತಪ್ಪಿದರೂ ಏರ್‌ಬ್ಯಾಗ್ ಬಿಚ್ಚಬೇಕಲ್ಲ, ಅದಕ್ಕೆ ಕಂಟ್ರೋಲ್ ಯೂನಿಟ್ಟಿನ ಕೆಪಾಸಿಟರಿನಲ್ಲಿ ಸ್ವಲ್ಪ ಕರೆಂಟ್ ಸಂಗ್ರಹ ಆಗಿರುತ್ತದೆ. ಅದು ಇಳಿಯುವವರೆಗೆ ಏರ್‌ಬ್ಯಾಗಿನ ಹಳದಿ ವೈರ್ ಮುಟ್ಟಬಾರದು. ಮಾಮೂಲಿ ಮಲ್ಟಿಮೀಟರನ್ನೂ ಏರ್‌ಬ್ಯಾಗಿಗೆ ಹಿಡಿಯಬಾರದು, ಮೀಟರಿನ ಕರೆಂಟಿಗೇ ಅದು ಸಿಡಿಯಬಹುದು. ಮನೆಯಲ್ಲೇ ನೋಡಿಕೊಳ್ಳೋಣ ಅಂತ ಸ್ಕ್ರೂಡ್ರೈವರ್ ಹಿಡಿದು ಕೂತವರಿಗೆ ಇಷ್ಟು ಸಾಕು ಅಂದುಕೊಳ್ಳುತ್ತೇನೆ. ಶುಂಠಿ ಚಹಾ, ಜೊತೆಗೆ ಒಂದು ಬನ್ನು. ಭಾಯಿ ಗಡಿಯಾರ ನೋಡಿಕೊಂಡೇ ಎದ್ದರು.

ಸೀಟಿನ ಬೋಲ್ಟ್ ಬಿಚ್ಚಿ ಹಿಂದಕ್ಕೆ ಮಗುಚಿದಾಗ ಕಳ್ಳ ಸಿಕ್ಕಿಬಿದ್ದ. ಸೀಟ್ ಕವರನ್ನು ಕೆಳಗಿನಿಂದ ಬಿಗಿ ಹಿಡಿಯಲು ಎಲಾಸ್ಟಿಕ್ ಪಟ್ಟಿ, ಅದಕ್ಕೆ ಎಸ್ ಆಕಾರದ ತಂತಿ ಕೊಕ್ಕೆ ಇರುತ್ತದಲ್ಲ, ಹಾಕಿದವನು ಅದನ್ನು ಸೀಟಿನ ಕಬ್ಬಿಣಕ್ಕೆ ಸಿಕ್ಕಿಸುವ ಬದಲು ಹಳದಿ ವೈರಿನ ಕಟ್ಟಿಗೇ ಸಿಕ್ಕಿಸಿದ್ದ! ಸೀಟ್ ಮುಂದೆ ಹೋದಾಗಲೆಲ್ಲ ಕೊಕ್ಕೆ ವೈರನ್ನು ಎಳೆಯುತ್ತಿತ್ತು. ಕನೆಕ್ಟರಿನ ಬಾಯಿಯಲ್ಲೇ ಒಂದು ವೈರ್ ಒಳಗೊಳಗೆ ಮುರಿದು, ಮೇಲಿನ ಪ್ಲಾಸ್ಟಿಕ್ ಮಾತ್ರ ಉಳಿದಿತ್ತು. ವೈರಿಂಗ್ ಫಾಲ್ಟ್ ಅಂದರೆ ಇಲಿ ಕಡಿದಿರಬೇಕು ಅಂತ ನಾವು ಆ ಹೊತ್ತಿಗಾಗಲೇ ಗ್ಯಾರೇಜಿನ ಮೂಲೆಮೂಲೆಗೂ ನುಸಿಗುಳಿಗೆ ಹಾಕಿದ್ದೆವು. ಪಾಪ, ಇಲಿಯದ್ದೇನೂ ತಪ್ಪಿರಲಿಲ್ಲ.

ಅಲ್ಲೇ ಜೋಡಿಸಿ ಟೇಪ್ ಸುತ್ತಿಬಿಡಿ ಅಂತ ನಾನು ಹೇಳಿದೆ, ಅವರು ಒಪ್ಪಲಿಲ್ಲ. ಬೆಸುಗೆ ಹಾಕಿದರೆ ಆ ಜಾಗ ಗಟ್ಟಿಯಾಗಿ, ಅಲುಗಾಡುವ ಕಡೆ ಪಕ್ಕದಲ್ಲೇ ಮತ್ತೆ ಮುರಿಯುತ್ತದಂತೆ. ಟೇಪ್ ಸುತ್ತಿದರೆ ರೆಸಿಸ್ಟೆನ್ಸ್ ಏರುಪೇರಾಗಿ ಲೈಟ್ ಮತ್ತೆ ಬರುತ್ತದಂತೆ. ಸೀಟಿನ ಕೆಳಗಿನ ಆ ಗಿಡ್ಡ ವೈರಿಂಗ್ ಪೀಸು ನಮ್ಮ ಗಾಡಿಗೆ ಬೇರೆಯಾಗಿಯೇ ಸಿಗುತ್ತದೆ ಅಂದರು. ಬೆಂಗಳೂರಿಗೆ ಫೋನ್ ಮಾಡಿ, ಪಾರ್ಟ್ ನಂಬರ್ ಹೇಳಿ ಬಸ್ಸಿಗೆ ಹಾಕಿಸಿದರು. ಅದಕ್ಕೆ 2,600. ಕೂಲಿ 1,500. ಏರ್‌ಬ್ಯಾಗ್ ಬದಲಿಸುವ ಪ್ರಶ್ನೆಯೇ ಬರಲಿಲ್ಲ, ಅದು ಚೆನ್ನಾಗಿಯೇ ಇತ್ತು.

ಹೊಸ ವೈರನ್ನು ಸೀಟ್ ಮುಂದೆ ಹಿಂದೆ ಎಷ್ಟೇ ಹೋದರೂ ಎಳೆಯದಂತೆ ಸಡಿಲ ಬಿಟ್ಟು, ಕಂಪನಿಯ ಕ್ಲಿಪ್ಪಿಗೇ ಕೂರಿಸಿದರು. ಸೀಟ್ ಕವರನ್ನು ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ನನ್ನ ಕೈಗೆ ಕೊಟ್ಟರು. "ಇದನ್ನ ನಾನು ಹಾಕಲ್ಲ ಸರ್. ಬದಿಯಲ್ಲಿ ಏರ್‌ಬ್ಯಾಗ್ ಬರೋ ಜಾಗ ಪೂರ್ತಿ ಹೊಲಿದುಬಿಟ್ಟಿದ್ದಾರೆ ನೋಡಿ." ನೋಡಿದರೆ ಹೌದು. ಅಂದರೆ ವೈರ್ ಸರಿ ಇದ್ದು, ಲೈಟ್ ಆರಿದ್ದರೂ ಏರ್‌ಬ್ಯಾಗ್ ಆ ಕವರನ್ನು ಸೀಳಿಕೊಂಡು ಹೊತ್ತಿಗೆ ಸರಿಯಾಗಿ ಬರುತ್ತಿತ್ತು ಅನ್ನುವ ಖಾತ್ರಿ ಇರಲಿಲ್ಲ. ಸೈಡ್ ಏರ್‌ಬ್ಯಾಗ್ ಇರುವ ಸೀಟಿನ ಬದಿಯಲ್ಲಿ ಒಂದು ಚಿಕ್ಕ ಪಟ್ಟಿಯ ಮೇಲೆ ಏರ್‌ಬ್ಯಾಗ್ ಅಂತ ಬರೆದಿರುತ್ತದೆ. ನಮ್ಮ ಸೀಟಿನಲ್ಲಿ ಅದನ್ನು ನಾನು ನೋಡಿದ್ದು ಅವತ್ತೇ ಮೊದಲು, ಕವರ್ ಅದನ್ನೂ ಮುಚ್ಚಿತ್ತು. ಕವರ್ ಬೇಕೇ ಬೇಕು ಅನ್ನುವವರು ಆ ಜಾಗ ತೆರೆದಿರುವಂಥದ್ದನ್ನು, ನಿಮ್ಮ ಮಾಡೆಲ್ಲಿಗೆ ಅಂತಲೇ ಹೊಲಿದಿರುವುದನ್ನು ಕೇಳಿ ತೆಗೆದುಕೊಳ್ಳಿ. ಅಂಗಡಿಯವರು ಎಲ್ಲದಕ್ಕೂ ಆಗುತ್ತೆ ಸರ್ ಅಂದರೆ ಎದ್ದು ಬನ್ನಿ.

ಈಗ ಒಂದೂವರೆ ವರ್ಷ ಆಯಿತು. ಒಂದು ಪೂರ್ತಿ ಮಳೆಗಾಲ ಕಳೆದಿದೆ. ಮಲೆನಾಡಿನ ಬಾಗಿಲಲ್ಲಿರುವವರಿಗೆ ಜುಲೈಯಲ್ಲಿ ಗಾಡಿಯ ಮ್ಯಾಟ್ ಒಣಗುವುದೇ ಇಲ್ಲ ಅಂತ ಗೊತ್ತಲ್ವಾ? ಆಗಲೂ ಲೈಟ್ ಬರಲಿಲ್ಲ. ಸೀಟ್ ದಿನಾ ಮುಂದೆ ಹಿಂದೆ ಹೋಗುತ್ತಲೇ ಇದೆ. ಒಮ್ಮೆ ಮಾತ್ರ, ರಜೆಗೆ ಊರಿಗೆ ಹೋಗಿ ಬಂದಾಗ ಬ್ಯಾಟರಿ ಸತ್ತಿತ್ತು. ಪಕ್ಕದ ಮನೆಯವರ ಗಾಡಿಯಿಂದ ಕೇಬಲ್ ಹಾಕಿ ಸ್ಟಾರ್ಟ್ ಮಾಡಿದರೆ ಏರ್‌ಬ್ಯಾಗ್ ಲೈಟ್ ಹೊತ್ತಿಕೊಂಡು ನಿಂತಿತು. ಎದೆ ಧಸಕ್ ಅಂತು. ಭಾಯಿ ಸ್ಕ್ಯಾನರ್ ಹಾಕಿ, ವೋಲ್ಟೇಜ್ ಇಳಿದದ್ದಕ್ಕೆ ಬಂದ ಕೋಡ್ ಅಂತ ತೋರಿಸಿ ಅಳಿಸಿದರು. ದುಡ್ಡು ಬೇಡ ಅಂದರು. ಬ್ಯಾಟರಿ ಬದಲಿಸಿದ ಮೇಲೆ ಮತ್ತೆ ಬಂದಿಲ್ಲ.

ಹಾಗಂತ ಭಾಯಿಗೆ ಪೂರ್ತಿ ಅಂಕ ಕೊಡಲ್ಲ. ಅಂಗಡಿ ತೆರೆಯುವುದು ಹನ್ನೊಂದಕ್ಕೆ, ಶುಕ್ರವಾರ ಮಧ್ಯಾಹ್ನ ಸಿಗುವುದಿಲ್ಲ, ಫೋನ್ ಎತ್ತುವುದು ಅವರ ಮರ್ಜಿ. ಬಿಚ್ಚಿದ ಕಾರ್ಪೆಟ್ಟನ್ನು ಒಂದು ಮೂಲೆಯಲ್ಲಿ ಸರಿಯಾಗಿ ಕೂರಿಸಿಲ್ಲ, ಹೆಂಡತಿಯ ಚಪ್ಪಲಿ ಈಗಲೂ ಅಲ್ಲಿಗೆ ತಗಲುತ್ತದೆ. ಕಂಪನಿಯ ಬಟ್ಟೆಯ ಸೀಟಿನ ಮೇಲೆ ಮಗ ಮಾವಿನ ಜ್ಯೂಸ್ ಚೆಲ್ಲಿದ ಕಲೆ ಬೇರೆ. ಆ ರಾಜಗಾಂಭೀರ್ಯದ ಕವರ್ ಇದ್ದಿದ್ದರೆ ಒರೆಸಿದರೆ ಹೋಗುತ್ತಿತ್ತು ಅಂತ ಮನೆಯಲ್ಲಿ ಆಗಾಗ ಮಾತು ಬರುತ್ತದೆ.

ದೊಡ್ಡ ತಕರಾರು ಬಿಲ್ಲಿನದು. ಭಾಯಿ ಬಿಲ್ ಕೊಡುವುದಿಲ್ಲ. ಸರ್ವಿಸ್ ಸೆಂಟರಿನ ದಾಖಲೆಯಲ್ಲೋ, ಏರ್‌ಬ್ಯಾಗ್ ಸಮಸ್ಯೆ ಇದೆ, ಗ್ರಾಹಕರು ರಿಪೇರಿ ಬೇಡ ಅಂದರು ಅಂತ ಬರೆದಿದ್ದಾರೆ. ನಾಳೆ ಗಾಡಿ ಮಾರಲು ಹೋದರೆ ಕೊಳ್ಳುವವರು ಮೊದಲು ಕೇಳುವುದು ಅದನ್ನೇ. ಹಾಗಾಗಿ ಹೋದ ತಿಂಗಳು ಸರ್ವಿಸಿಗೆ ಬಿಟ್ಟಾಗ ಏರ್‌ಬ್ಯಾಗನ್ನೂ ಒಮ್ಮೆ ಸ್ಕ್ಯಾನ್ ಮಾಡಿ, ಯಾವ ಕೋಡೂ ಇಲ್ಲ ಅಂತ ಪ್ರಿಂಟ್ ಕೊಡಿ ಅಂದೆ. ಅದೇ ಅಡ್ವೈಸರು. ಪ್ರಿಂಟ್ ಕೊಟ್ಟರು. ಯಾರು ರಿಪೇರಿ ಮಾಡಿದ್ದು ಅಂತಲೂ ಕೇಳಲಿಲ್ಲ. 750 ರೂಪಾಯಿ, ಮತ್ತೆ ಜಿಎಸ್‌ಟಿ.